ಎಂಟು ಬಲೆ, ಏಳು ಅಂಗಳ

ಬಲೆ ಸರಿಮಾಡುವುದು ಕೂತು ಮಾಡುವ ಕೆಲಸ. ಕಾಲು ಚಾಚಿ, ಹರಿದ ಬಲೆಯನ್ನು ಮಡಿಲಿಗೆ ಎಳೆದುಕೊಂಡು ಸೂಜಿ ಹಿಡಿದರೆ ಊಟದ ಹೊತ್ತಿನವರೆಗೆ ಏಳುವ ಹಾಗಿಲ್ಲ. ಆದರೆ ಬುಗುರಿಯಕ್ಕ ಕೂತು ಬಲೆ ಸರಿಮಾಡಿದ್ದನ್ನು ಆ ಕೇರಿಯಲ್ಲಿ ಕಂಡವರೇ ಇಲ್ಲ. ಅವಳು ಜಗಲಿಯ ತೊಲೆಯಲ್ಲಿ ಎರಡು ಕೊಕ್ಕೆ ಹೊಡೆದು, ಬಲೆಯನ್ನು ಆ ತುದಿಯಿಂದ ಈ ತುದಿಗೆ ತೂಗುಹಾಕಿ, ಅದರ ಹರಿದ ಕಣ್ಣುಗಳ ಜೊತೆ ತಾನೂ ಅತ್ತಿಂದಿತ್ತ ನಡೆಯುತ್ತ ಗಂಟು ಹಾಕುವವಳು. ನಾಲ್ಕು ಗಂಟು ಹಾಕುವಷ್ಟರಲ್ಲಿ ಒಲೆಯ ಮೇಲಿಟ್ಟ ನೀರು ನೆನಪಾಗಿ ಒಳಗೆ ಓಡಬೇಕು. ಒಳಗೆ ಹೋದರೆ ಯಾವ ದೋಣಿ ಬಂತೆಂದು ಕಿಟಕಿಯಲ್ಲಿ ಇಣುಕಬೇಕು. ದೋಣಿ ಕಂಡರೆ ದಡಕ್ಕೇ ಹೋಗಿ ವಿಚಾರಿಸಿ ಬರಬೇಕು. ಅಷ್ಟರಲ್ಲಿ ಒಲೆಯ ಮೇಲಿನ ನೀರು ಬತ್ತಿ ಪಾತ್ರೆ ಕರಕಲಾಗಿರುತ್ತಿತ್ತು.

ಆ ಹೆಸರನ್ನು ಯಾರೂ ಸುಮ್ಮನೆ ಇಟ್ಟದ್ದಲ್ಲ. ಮೀನುಗಾರರ ಆ ಕೇರಿಯಲ್ಲಿ ಹೆತ್ತವರು ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದ ಆಚೆ ಬರುವುದೇ ಇಲ್ಲ. ಅಜ್ಜ, ಮುತ್ತಜ್ಜಂದಿರ ಕಾಲದಿಂದಲೂ ಎಲ್ಲ ವ್ಯವಹಾರ ಅಡ್ಡಹೆಸರಿನಲ್ಲೇ. ಬುಗುರಿಯಕ್ಕನ ಮುತ್ತಜ್ಜನನ್ನು ‘ಉದ್ದಕಾಲು’ ಅನ್ನುತ್ತಿದ್ದರಂತೆ. ಕಾಲಿನ ಚಪಲ ಅಲ್ಲಿಂದಲೇ ಇಳಿದು ಬಂದಿರಬೇಕು.

ಐವತ್ತೆಂಟು ವರ್ಷ ಹೀಗೇ ತಿರುಗಿದ್ದಾಳೆ. ಇಪ್ಪತ್ತಕ್ಕೆ ಮದುವೆಯಾಯಿತು. ಗಂಡ ದೂರದ ಹಡಗಿನ ಕೆಲಸಕ್ಕೆ ಹೋದವನು ಎರಡು ಕಾಗದ ಬರೆದು ಮೂರನೆಯದನ್ನು ಮರೆತ. ಎರಡು ವರ್ಷ ಕಾದು, ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಬಂದಳು. ಅಪ್ಪನಿಂದ ಸೂಜಿ ಕಲಿತಳು, ಹಾಸಿಗೆ ಹಿಡಿದ ಅಪ್ಪನನ್ನು ಒಂಬತ್ತು ವರ್ಷ ನೋಡಿಕೊಂಡಳು, ತಮ್ಮನಿಗೆ ಬೋಟ್ ಇಂಜಿನ್ ರಿಪೇರಿ ಕೆಲಸ ಕಲಿಸಿ ದಡ ಹತ್ತಿಸಿದಳು. ಅವನೀಗ ಬಂದರಿನ ಆಚೆ ಬದಿಯಲ್ಲಿ ಸಂಸಾರ ಹೂಡಿದ್ದಾನೆ. ಅವಳಿಗೆ ಉಳಿದದ್ದು ಆ ಮನೆ. ನೀರಿಗೆ ಮುಖ ಮಾಡಿ ಸಾಲಾಗಿ ನಿಂತ ಏಳು ಮನೆಗಳಲ್ಲಿ ನಟ್ಟನಡುವಿನದು. ಎರಡು ಕೋಣೆ, ಒಂದು ಜಗಲಿ, ಮುಂದೆ ಬಲೆ ಹರಡಲು ಬೆಣಚುಕಲ್ಲಿನ ಅಂಗಳ. ಇಷ್ಟು ಓಡಾಡುವ ಹೆಂಗಸು ಓಡಾಡಿ ಎಲ್ಲಿಗೆ ಬರುತ್ತಿದ್ದಳೆಂದರೆ ಅಲ್ಲಿಗೆ.

ಆ ಮನೆಗೇ ಸಂಚಕಾರ ಬಂತು. ಬಂದರು ಅಗಲ ಮಾಡುತ್ತಾರೆ, ಏಳೂ ಮನೆಯವರು ಹಳೆಯ ದಾಖಲೆಯಲ್ಲಿರುವ ಹೆಸರಿಗೂ ತಮಗೂ ಇರುವ ಸಂಬಂಧ ತೋರಿಸಬೇಕು, ಹದಿನೈದು ದಿನದೊಳಗೆ ವಾರಸುದಾರರು ಬಾರದ ಜಾಗ ಬಂದರಿನ ಸರಕು ಕಟ್ಟೆಗೆ ಸೇರುತ್ತದೆ ಎಂದು ಗೋಡೆಗೆ ನೋಟೀಸು ಅಂಟಿಸಿದರು. ಕೇರಿಯವರು ನಕ್ಕರು. ನಾಲ್ಕು ತಲೆಮಾರಿನಿಂದ ಕೂತ ಮನೆಗೆ ಸಂಬಂಧ ಬೇರೆ ತೋರಿಸಬೇಕೇ ಎಂದರು. ಬುಗುರಿಯಕ್ಕ ಮಾತ್ರ ಮರುದಿನ ಬೆಳಿಗ್ಗೆ ಬಂದರು ಕಚೇರಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲು ಹತ್ತಿಳಿಯುತ್ತಿದ್ದಳು.

ದಾಖಲೆ ವಿಭಾಗದ ಗುಮಾಸ್ತೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುವ ಹೆಂಗಸು. ಹಳೆಯ ಸರ್ವೆ ಪುಸ್ತಕ ಬಿಡಿಸಿ ಬೆರಳಿಟ್ಟು ಓದಿದಳು. “ನಾಲ್ಕನೇ ನಂಬರು. ಮನೆ ಮತ್ತು ಅಂಗಳ. ಹಕ್ಕುದಾರರು: ಸಿಳ್ಳೆ.”

“ಸಿಳ್ಳೆ ಅಲ್ಲ ಮೇಡಂ, ಉದ್ದಕಾಲು. ಸರಿಯಾಗಿ ನೋಡಿ.”

“ಉದ್ದಕಾಲು ಅಂತ ಈ ಪುಟದಲ್ಲೇ ಯಾರೂ ಇಲ್ಲ. ಏಳು ನಂಬರು, ಏಳು ಹೆಸರು. ನೀವೇ ನೋಡ್ಕೊಳ್ಳಿ.”

ನೋಡಿದಳು. ಮುತ್ತಜ್ಜ ಇರಲಿಲ್ಲ. ಅಷ್ಟೇ ಅಲ್ಲ, ಯಾರ ಮನೆಯೂ ಯಾರ ಹೆಸರಿನಲ್ಲೂ ಸರಿಯಾಗಿರಲಿಲ್ಲ. ಮೊದಲನೆಯ ಮನೆ ಹರಾಜಿನ ಮಾವನದು. ಮೀನು ಹರಾಜು ಕೂಗಿ ಕೂಗಿ ಗಂಟಲು ಒಡೆದುಕೊಂಡ ಆತನ ಮನೆ ಐದನೆಯ ಮನೆಯ ದೋಣಿ ಬಡಗಿಯ ಮುತ್ತಜ್ಜನ ಹೆಸರಿನಲ್ಲಿತ್ತು. ಎರಡನೆಯದು ಆರನೆಯವರದು, ಮೂರನೆಯದು ಏಳನೆಯವರದು. ಸುದ್ದಿ ಕೇರಿಗೆ ಮುಟ್ಟಿದ ಮೇಲೆ ನಗು ನಿಂತಿತು. ಎರಡು ದಿನ ಕೇರಿ ಎನ್ನುವುದು ಕೇರಿಯಾಗಿರಲಿಲ್ಲ. ಹರಾಜಿನ ಮಾವ ಬಡಗಿಯ ಬಾಗಿಲಲ್ಲಿ ನಿಂತು, “ನಿಮ್ಮ ಮುತ್ತಜ್ಜ ಕಳ್ಳ, ಸರ್ವೆಯವರ ಕೈ ಬಿಸಿ ಮಾಡಿದ್ದಾನೆ” ಎಂದು ಕೂಗಿದರೆ, ಬಡಗಿ, “ಹಾಗಿದ್ರೆ ನಿಮ್ಮ ಮನೆ ನಂದೇ ಅಲ್ವಾ, ಖಾಲಿ ಮಾಡಿ ಮಾವ” ಎನ್ನುತ್ತ ಉಳಿ ಮಸೆದ. ಯಾವತ್ತೋ ಸತ್ತ ಮುದುಕರೆಲ್ಲ ಎದ್ದು ಬಂದು ಬೈಸಿಕೊಂಡರು.

ಬುಗುರಿಯಕ್ಕನಿಗೆ ಅನ್ನ ಸೇರಲಿಲ್ಲ. ತೊಲೆಗೆ ಕಟ್ಟಿದ ಬಲೆಯ ಉದ್ದಕ್ಕೂ ನಡೆದಳು, ತಿರುಗಿದಳು, ಮತ್ತೆ ನಡೆದಳು. ಸಿಳ್ಳೆ ಎಂಬ ಹೆಸರನ್ನು ಎಲ್ಲೋ ಕೇಳಿದ್ದೇನೆ ಎಂಬುದು ಚಪ್ಪಲಿಯೊಳಗಿನ ಮರಳಿನ ಕಾಳಿನಂತೆ ಚುಚ್ಚುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಆರನೆಯ ಗಂಟಿಗೋ ಏಳನೆಯದಕ್ಕೋ ಕೈ ತಾನಾಗಿ ನಿಂತಿತು. ಅಜ್ಜಿ! ಅಜ್ಜಿ ಗಂಟು ಎಣಿಸುವಾಗ ಒಂದು, ಎರಡು ಅನ್ನುತ್ತಿರಲಿಲ್ಲ. ಎಂಟು ಹೆಸರು ಹೇಳುತ್ತಿದ್ದಳು. ಅಂಗಳದ ಸಾಲಿನಲ್ಲಿ ಮೊದಲಿನಿಂದ ಏಳು ಮನೆಯವರು, ಕೊನೆಗೆ ಸಿಳ್ಳೆ. ಸಿಳ್ಳೆ ಯಾರಜ್ಜಿ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದೂ ನೆನಪಾಯಿತು.

ಸಿಳ್ಳೆ ಒಬ್ಬಂಟಿ ಹೆಂಗಸು. ಮಂಜು ಮುಸುಕಿದ ದಿನ ಬಾಯಿಗೆ ಎರಡು ಬೆರಳಿಟ್ಟು ಸಿಳ್ಳೆ ಹೊಡೆದು ದೋಣಿಗಳಿಗೆ ದಾರಿ ತೋರಿಸುತ್ತಿದ್ದಳು. ಒಂದು ಚಿಕ್ಕ ದೋಣಿ, ಒಂದು ಬಲೆ, ಒಬ್ಬಳು ಮಗಳು. ಮನೆ ಇರಲಿಲ್ಲ, ದೋಣಿಯ ಚಪ್ಪರದಡಿಯಲ್ಲೇ ವಾಸ. ಆಗೆಲ್ಲ ಬಲೆ ಹತ್ತಿನೂಲಿನದು, ದಿನಾ ಒಣಗದಿದ್ದರೆ ಕೊಳೆಯುತ್ತದೆ. ಏಳು ಅಂಗಳಗಳಲ್ಲಿ ಕೆಲವಕ್ಕೆ ಬಿಸಿಲು ಹೆಚ್ಚು, ಕೆಲವಕ್ಕೆ ನೆರಳು. ಯಾರಿಗೂ ಅನ್ಯಾಯ ಬೇಡವೆಂದು ಹಿರಿಯರು ಪಾಳಿ ಮಾಡಿದ್ದರು: ಇವತ್ತು ಒಂದು ಅಂಗಳದಲ್ಲಿ ಹರಡಿದ ಬಲೆ ನಾಳೆ ಪಕ್ಕದ ಅಂಗಳಕ್ಕೆ ಹೋಗಬೇಕು. ಏಳು ಅಂಗಳ ಮುಗಿದ ಮೇಲೆ ಒಂದು ದಿನ ಆ ಬಲೆ ಮನೆಯೊಳಗೆ, ರಿಪೇರಿಗೆ. ಮತ್ತೆ ಮೊದಲ ಅಂಗಳದಿಂದ ಶುರು. ಎಂಟು ಬಲೆ, ಏಳು ಅಂಗಳ. ದಿನಕ್ಕೊಂದು ಬಲೆ ಮಡಿಲಲ್ಲಿ.

ಸೂಜಿಯನ್ನು ಬಲೆಯಲ್ಲೇ ಬಿಟ್ಟು ಬುಗುರಿಯಕ್ಕ ಹರಾಜಿನ ಮಾವನ ಅಂಗಳಕ್ಕೆ ಓಡಿದಳು. ಅಂಗಳಕ್ಕೊಂದರಂತೆ ಏಳು ಬೆಣಚುಕಲ್ಲು ಸಾಲಾಗಿ ಇಟ್ಟಳು, ಮೀನಿನ ಬುಟ್ಟಿಯಿಂದ ಎಂಟು ಕಡ್ಡಿ ಮುರಿದು ಒಂದೊಂದಕ್ಕೆ ಒಂದೊಂದು ಹೆಸರು ಹೇಳಿ ದಿನಕ್ಕೊಂದು ಸ್ಥಾನ ಮುಂದೆ ಸರಿಸಿದಳು. ನಾಲ್ಕನೆಯ ಸಲ ಸರಿಸಿದಾಗ ಸರ್ವೆ ಪುಸ್ತಕದ ಪುಟವೇ ನೆಲದ ಮೇಲೆ ಬಂದಿತ್ತು.

“ಮಾವ, ಯಾರೂ ಕದ್ದಿಲ್ಲ. ಅಳತೆಗೆ ಬಂದವರು ಅಂಗಳ ತೋರಿಸಿ ‘ಇದು ಯಾರದು’ ಅಂತ ಕೇಳಿದ್ದಾರೆ. ನಮ್ಮವರು ಅಂಗಳ ನೋಡಿದ್ದಾರಾ? ಬಲೆ ನೋಡಿದ್ದಾರೆ. ಆವತ್ತು ಯಾರ ಬಲೆ ಬಿದ್ದಿತ್ತೋ ಅವರ ಹೆಸರು ಹೇಳಿದ್ದಾರೆ!”

ಹರಾಜಿನ ಮಾವ ಕಡ್ಡಿಗಳನ್ನು ನೋಡಿದ, ಸದ್ದಿಗೆ ಉಳಿ ಹಿಡಿದೇ ಬಂದು ನಿಂತ ಬಡಗಿಯನ್ನು ನೋಡಿದ. “ಅಯ್ಯೋ ನಮ್ಮ ಹಿರಿಯರ ಬುದ್ಧಿಗಿಷ್ಟು” ಎಂದು ಹಣೆ ಚಚ್ಚಿಕೊಂಡ. ಆಮೇಲೆ ಕೆಲಸ ಸಲೀಸು. ಒಂದನೆಯವರ ಮನೆ ಐದನೆಯವರ ಹೆಸರಿನಲ್ಲಿ, ಐದನೆಯವರದು ಒಂದನೆಯವರ ಹೆಸರಿನಲ್ಲಿ. ಎರಡು ಮತ್ತು ಆರು, ಮೂರು ಮತ್ತು ಏಳು ಕೂಡ ಹಾಗೇ. ಇಬ್ಬಿಬ್ಬರು ಹೋಗಿ ಪರಸ್ಪರ ಸಹಿ ಹಾಕಿದರು, ಆರು ಮನೆ ಆರು ಮನೆಯವರಿಗೆ ದಕ್ಕಿತು. ಬುಗುರಿಯಕ್ಕನ ಬೆನ್ನು ತಟ್ಟಿ, ಅವಳ ತಲೆಯನ್ನು ಹೊಗಳಿ, ಎಲ್ಲರೂ ಅವರವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಡುವಿನ ಮನೆ ಹಾಗೇ ಉಳಿಯಿತು. ಅಳತೆಯ ದಿನ ಅದರ ಅಂಗಳದಲ್ಲಿ ಬಿದ್ದಿದ್ದದ್ದು ಸಿಳ್ಳೆಯ ಬಲೆ. ಉದ್ದಕಾಲಿನ ಬಲೆ ಒಳಗೆ ಅವನ ಮಡಿಲಲ್ಲಿತ್ತು. ಕಾಲು ನಿಲ್ಲದ ಮನುಷ್ಯ ಆ ಒಂದು ದಿನ ಕೂತು ಕೆಲಸ ಮಾಡಿದ್ದಾನೆ, ಅದೇ ದಿನ ಸರ್ಕಾರ ಬಂದಿದೆ! ಬುಗುರಿಯಕ್ಕನಿಗೆ ಮುತ್ತಜ್ಜನ ಮೇಲೆ ಕೆಂಡದಂಥ ಕೋಪ ಬಂತು. ಎಲ್ಲರ ಗಂಟು ಬಿಡಿಸಿದವಳಿಗೆ ತನ್ನದು ಬಿಡಿಸಲು ಬರಲಿಲ್ಲ. ಇನ್ನು ಏಳು ದಿನ ಉಳಿದಿತ್ತು.

ಸಿಳ್ಳೆಯ ಕಡೆಯವರು ಯಾರಾದರೂ ಸಿಕ್ಕರೆ ಕೈಕಾಲು ಹಿಡಿದಾದರೂ ಸಹಿ ಹಾಕಿಸಿಕೊಳ್ಳಬೇಕೆಂದು ಹುಡುಕತೊಡಗಿದಳು. ಆಸ್ಪತ್ರೆಯ ಹಳೆಯ ಪಟ್ಟಿ, ಶಾಲೆಯ ಕಪಾಟು, ಸ್ಮಶಾನದ ಕಾವಲುಗಾರ, ಎಲ್ಲ ಕಡೆ ಸುತ್ತಿದಳು. ಸಿಳ್ಳೆಯ ದೋಣಿ ಮುಳುಗಿದ ಮೇಲೆ ಮಗಳು ಐಸ್ ಕಾರ್ಖಾನೆಗೆ ಸೇರಿದಳಂತೆ ಎಂದು ಅಜ್ಜಿ ಒಮ್ಮೆ ಹೇಳಿದ್ದು ನೆನಪಾಗಿ ಮಂಗಳವಾರ ಅಲ್ಲಿಗೂ ಹೋದಳು. ಉಗ್ರಾಣದವನು ಅಟ್ಟದ ಮೇಲಿನ ಹಳೆಯ ಹಾಜರಿ ಪುಸ್ತಕಗಳನ್ನು ತೋರಿಸಿ, “ಧೂಳು ಬೇಕಾದಷ್ಟಿದೆ, ತಗೊಳ್ಳಿ” ಎಂದು ತನ್ನ ಚಹಾಕ್ಕೆ ಮರಳಿದ.

ಮೂರನೆಯ ಪುಸ್ತಕದಲ್ಲಿ ಸಿಕ್ಕಿತು. ‘ಸಿಳ್ಳೆಯ ಮಗಳು. ಬಿಲ್ಲೆ ನಂಬರು ಹತ್ತೊಂಬತ್ತು.’ ಬಹಳ ವರ್ಷಗಳ ನಂತರದ ಪುಸ್ತಕದಲ್ಲಿ ‘ಸಿಳ್ಳೆಯ ಮಗಳ ಮಗಳು, ತಾಯಿಯ ಬದಲು. ಬಿಲ್ಲೆ ಹತ್ತೊಂಬತ್ತು.’ ಇನ್ನೂ ಈಚಿನದರಲ್ಲಿ ‘ಮಗ, ತಾಯಿಯ ಬದಲು. ಬಿಲ್ಲೆ ಹತ್ತೊಂಬತ್ತು.’ ಆ ಕಾರ್ಖಾನೆಯಲ್ಲಿ ಹಿತ್ತಾಳೆಯ ಬಿಲ್ಲೆ ಹೆತ್ತವರಿಂದ ಮಕ್ಕಳಿಗೆ ಬರುತ್ತಿತ್ತು.

ಹತ್ತೊಂಬತ್ತರ ಬಿಲ್ಲೆಯನ್ನು ಬುಗುರಿಯಕ್ಕ ದಿನಾ ನೋಡುತ್ತಿದ್ದಳು. ಅದು ಐಸಣ್ಣನ ಸೊಂಟದಲ್ಲಿ ತೂಗುತ್ತಿತ್ತು.

ಐಸಣ್ಣ ಎಂದರೆ ಮಂಜುಗಡ್ಡೆ ಕುಟ್ಟಿ ದೋಣಿಗಳಿಗೆ ತುಂಬುವವನು, ನಲವತ್ತೈದರ ಮೆತ್ತಗಿನ ಮನುಷ್ಯ. ಕಾರ್ಖಾನೆಯ ಹಿಂಗೋಡೆಗೆ ಅಂಟಿದ ಒಂದೇ ಕೋಣೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ಇದ್ದ. ಆ ಗೋಡೆ ವರ್ಷವಿಡೀ ಬೆವರುತ್ತದೆ. ಮಕ್ಕಳಿಬ್ಬರಿಗೂ ಕೆಮ್ಮು ಬಿಟ್ಟದ್ದೇ ಇಲ್ಲ. ದಿನಾ ಬೆಳಿಗ್ಗೆ ಅವಳ ಜಗಲಿಯ ಮುಂದೆ ಗಾಡಿ ನಿಲ್ಲಿಸಿ, “ಅಕ್ಕಾ, ಇವತ್ತು ಎಷ್ಟು ಮೈಲಿ ನಡೆದ್ರಿ?” ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಬುಗುರಿಯಕ್ಕ ಪುಸ್ತಕ ಮುಚ್ಚಿ, ಇನ್ನೆರಡರ ಕೆಳಗೆ ತುರುಕಿ, ಉಗ್ರಾಣದವನಿಗೆ “ಏನೂ ಸಿಗ್ಲಿಲ್ಲಪ್ಪ” ಎಂದು ಹೇಳಿ ಮನೆಗೆ ಬಂದಳು. ಭಯವಾಗಿತ್ತು. ಸಹಿ ಹಾಕಿಸಿಕೊಳ್ಳುವುದು ಬೇರೆ ಮಾತು. ಮನೆಯೇ ಇಲ್ಲದವನಿಗೆ ನಿನಗೊಂದು ಮನೆಯಿದೆ ಎಂದು ಹೇಳಿ ಆಮೇಲೆ ಅದನ್ನು ಬಿಟ್ಟುಕೊಡು ಎಂದು ಯಾವ ಬಾಯಲ್ಲಿ ಕೇಳುವುದು? ಅವನು ಕೊಡದಿದ್ದರೆ? ತಾನೇ ಅವನ ಜಾಗದಲ್ಲಿದ್ದರೆ ಕೊಡುತ್ತಿದ್ದೆನೇ? ಇಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆ ತಮ್ಮ ಬಂದ. ಕೈಯಲ್ಲಿ ಇಂಜಿನ್ ಎಣ್ಣೆ, ತಲೆಯಲ್ಲಿ ಉಪಾಯ. “ಅಕ್ಕ, ಇಷ್ಟಕ್ಕೆಲ್ಲ ಯಾಕೆ ಒದ್ದಾಡ್ತೀಯ? ಸಿಳ್ಳೆ ನಮ್ಮ ಮುತ್ತಜ್ಜಿ ಅಂತ ಬರೆದುಬಿಡೋಣ. ಯಾರು ನೋಡಿದ್ದಾರೆ? ಉದ್ದಕಾಲಿನ ಹೆಂಡತಿ ಸಿಳ್ಳೆ. ಮುಗೀತು. ಇಬ್ಬರು ಸಾಕ್ಷಿ ಸಾಕು.”

“ಸುಳ್ಳು ಕಣೋ.”

“ಯಾರಿಗೆ ನಷ್ಟ ಹೇಳು? ಆ ಸಿಳ್ಳೆ ವಂಶದಲ್ಲಿ ಯಾರೂ ಇಲ್ವಲ್ಲ.”

ಅವಳು ಹಾಕುತ್ತಿದ್ದ ಗಂಟನ್ನು ಅರ್ಧಕ್ಕೇ ಬಿಟ್ಟಳು. ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟಳು. ತಮ್ಮ ಅದನ್ನೇ ಒಪ್ಪಿಗೆ ಎಂದುಕೊಂಡು ಅರ್ಜಿ ತುಂಬಿದ. ಹರಾಜಿನ ಮಾವ ಮೊದಲ ಸಾಕ್ಷಿಯಾಗಿ ಸಹಿ ಜಡಿದ. “ನಮ್ಮೆಲ್ಲರ ಮನೆ ಉಳಿಸಿದವಳು. ಸಿಳ್ಳೆ ಏನು, ಬೇಕಾದ್ರೆ ನಾನೇ ನಿನ್ನ ಮುತ್ತಜ್ಜಿ ಅಂತ ಬರ್ಕೊ” ಎಂದ.

ಬುಧವಾರ, ಗುರುವಾರ ಬುಗುರಿಯಕ್ಕ ಹಾಕಿದ ಗಂಟೆಲ್ಲ ಜಾರಿತು. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಒಬ್ಬ ದೋಣಿಯವನು ಬಲೆ ವಾಪಸು ತಂದ. ಐಸಿನ ಗಾಡಿಯ ಸದ್ದು ಕೇಳಿದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. “ಅಕ್ಕ ಎಲ್ಲಿ, ಇಂದು ಹತ್ತು ಮೈಲಿ ದಾಟಿದ್ರಾ?” ಎಂದು ಐಸಣ್ಣ ಖಾಲಿ ಜಗಲಿಗೆ ಕೇಳಿ ಹೋಗುತ್ತಿದ್ದ.

ಶುಕ್ರವಾರ ಕೊನೆಯ ದಿನ. ಕಚೇರಿಯಲ್ಲಿ ಫ್ಯಾನಿನಡಿ ಅರ್ಜಿ ಹಿಡಿದು ತಮ್ಮ ನಿಂತಿದ್ದ. ಬುಗುರಿಯಕ್ಕ ಕಿಟಕಿಗೂ ಬಾಗಿಲಿಗೂ ನಡುವೆ ತಿರುಗುತ್ತಿದ್ದಳು. ಗುಮಾಸ್ತೆ, “ಅಮ್ಮಾ, ನಿಮ್ಮನ್ನ ನೋಡಿ ನನಗೆ ತಲೆ ಸುತ್ತುತ್ತೆ, ಕೂತ್ಕೊಳ್ಳಿ” ಎಂದಳು. ಕೂತಳು, ಎದ್ದಳು.

“ಎರಡನೇ ಸಾಕ್ಷಿ ಎಲ್ಲೋ?” ಎಂದು ತಮ್ಮನನ್ನು ಕೇಳಿದಳು.

“ಬಡಗಿ ಊರಲ್ಲಿಲ್ಲ. ಬೇರೆಯವರಿಗೆ ಹೇಳಿದ್ದೀನಿ. ಬಂದ ನೋಡು.”

ಬಾಗಿಲಲ್ಲಿ ಐಸಣ್ಣ. ಅರ್ಧ ಕೆಲಸ ಬಿಟ್ಟು ಬಂದಿದ್ದ, ಗೋಣಿಯ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ತಡ ಆಯ್ತಾ ಅಕ್ಕ? ನನ್ನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು, ಆದ್ರೂ ನಡೆಯುತ್ತಲ್ಲ?”

ಬುಗುರಿಯಕ್ಕ ಕಿಟಕಿಯತ್ತ ತಿರುಗಿದಳು. ಐಸಣ್ಣ ಅರ್ಜಿ ತೆಗೆದುಕೊಂಡು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ: “ಸಿಳ್ಳೆ ಎಂಬುವರು ಅರ್ಜಿದಾರರ ಮುತ್ತಜ್ಜಿ ಎಂದೂ, ಅವರಿಗೆ ಬೇರೆ ಸಂತಾನ ಇಲ್ಲವೆಂದೂ ನಾನು ಖುದ್ದಾಗಿ ಬಲ್ಲೆ.” ಓದಿ ನಕ್ಕ. “ನಾನೆಲ್ಲಿ ಬಲ್ಲೆ? ನಮ್ಮಮ್ಮನ ಅಜ್ಜಿ ಹೆಸರೇ ನನಗೆ ಗೊತ್ತಿಲ್ಲ. ಅಕ್ಕ ಹೇಳಿದ ಮೇಲೆ ಸರಿನೇ ಇರುತ್ತೆ ಬಿಡಿ.”

ಪೆನ್ನು ಹಿಡಿಯಲು ಹೋದ. ಬೆಳಗಿನಿಂದ ಐಸಿನಲ್ಲಿದ್ದ ಬೆರಳುಗಳು ಮಡಚಲಿಲ್ಲ. ಎರಡೂ ಅಂಗೈ ಉಜ್ಜಿಕೊಂಡ, ಬಾಯಿಯಿಂದ ಬಿಸಿಗಾಳಿ ಊದಿಕೊಂಡ, ಮತ್ತೆ ಉಜ್ಜಿದ. ಸೊಂಟದ ಬಿಲ್ಲೆ ಮೇಜಿನ ಅಂಚಿಗೆ ತಾಗಿ ಟಿಣ್ ಟಿಣ್ ಎಂದಿತು. ಅವನು ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದದ್ದು ತನ್ನ ಮಕ್ಕಳ ಮನೆಯನ್ನು ತಾನೇ ಬರೆದುಕೊಡಲು. ಅದನ್ನು ಬಲ್ಲವಳು ಆ ಕೋಣೆಯಲ್ಲಿ ಒಬ್ಬಳೇ.

ಬುಗುರಿಯಕ್ಕ ಅರ್ಜಿಯನ್ನು ಕಿತ್ತುಕೊಂಡಳು. ತಮ್ಮ “ಅಕ್ಕ!” ಎನ್ನುವಷ್ಟರಲ್ಲಿ ಅದು ನಾಲ್ಕು ಚೂರಾಗಿತ್ತು.

“ಸಿಳ್ಳೆ ನಮ್ಮ ಮುತ್ತಜ್ಜಿ ಅಲ್ಲ ಮೇಡಂ. ಇವರ ಅಮ್ಮನ ಅಜ್ಜಿ. ಐಸ್ ಕಾರ್ಖಾನೆ ಅಟ್ಟದ ಮೇಲೆ ಹಾಜರಿ ಪುಸ್ತಕ ಇದೆ, ಹತ್ತೊಂಬತ್ತನೇ ಬಿಲ್ಲೆ. ಸಿಳ್ಳೆ ಮಗಳು, ಮೊಮ್ಮಗಳು, ಆಮೇಲೆ ಇವರು. ಮಂಗಳವಾರದಿಂದ ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ.” ಐಸಣ್ಣನ ಕಡೆ ತಿರುಗಿದಳು. “ನನ್ನ ಮನೆ ನಿಂದು ಕಣಪ್ಪ ಐಸಣ್ಣ.”

ತಮ್ಮ ತಲೆ ಚಚ್ಚಿಕೊಂಡು ಹೊರಗೆ ಹೋದ. ಗುಮಾಸ್ತೆ ಕನ್ನಡಕವನ್ನು ಮೇಜಿನ ಮೇಲೆ ಹುಡುಕಿದಳು. ಐಸಣ್ಣನಿಗೆ ವಿಷಯ ತಲೆಗೆ ಹೋಗಲು ಹೊತ್ತು ಹಿಡಿಯಿತು. ಬುಗುರಿಯಕ್ಕ ಪಾಳಿಯ ಕತೆಯನ್ನು ಮೊದಲಿನಿಂದ ಹೇಳಿದಳು: ಎಂಟು ಬಲೆ, ಏಳು ಅಂಗಳ, ಅಳತೆಯ ದಿನ. ಅವನು ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡು ಕೇಳಿದ.

“ನಮ್ಮಜ್ಜಿಗೆ ಸ್ವಂತ ಮನೆ ಇರಲಿಲ್ಲ ಅಂದ್ರಲ್ಲ?”

“ಇರಲಿಲ್ಲ.”

“ಅಂಗಳನೂ ಇಲ್ಲ. ಮತ್ತೆ ಅವಳಿಗೆ ಯಾಕೆ ಪಾಳಿ ಕೊಟ್ರು?”

ಬುಗುರಿಯಕ್ಕ ಇದನ್ನು ಎಂದೂ ಯೋಚಿಸಿರಲಿಲ್ಲ. ಅಜ್ಜಿಯೂ ಹೇಳಿರಲಿಲ್ಲ. “ಅವಳ ಬಲೆನೂ ಒದ್ದೆ ಇತ್ತಲ್ಲ” ಎಂದಳು.

ಐಸಣ್ಣ ತಲೆಯಾಡಿಸಿದ. ಆಮೇಲೆ ಗುಮಾಸ್ತೆಯ ಕಡೆ ತಿರುಗಿ, “ಹೊಸ ಅರ್ಜಿ ಕೊಡಿ ಮೇಡಂ. ನನ್ನ ಹೆಸರು ಬರೀರಿ. ಕೆಳಗೆ ಅಕ್ಕನ ಹೆಸರೂ ಬರೀರಿ” ಎಂದ.

“ನೋಡಿ, ಪುಸ್ತಕ ತಂದು ತೋರಿಸಿದ್ರೆ ಮನೆ ಪೂರ್ತಿ ನಿಮ್ಮದೇ ಆಗುತ್ತೆ. ಯೋಚನೆ ಮಾಡಿ. ಇವರನ್ನ ಸೇರಿಸೋದಾದ್ರೆ ಕಾರಣ ಅಂತ ಒಂದು ಕಲಂ ಇದೆ. ಏನಂತ ಬರೀಲಿ? ನೆಂಟರಾ?”

“ಅಲ್ಲ.”

“ಮತ್ತೆ?”

“ಅವರ ಬಲೆನೂ ಒದ್ದೆ ಇದೆ ಅಂತ ಬರೀರಿ.”

ಗುಮಾಸ್ತೆ ಅವನ ಮುಖವನ್ನೂ ಅವಳ ಮುಖವನ್ನೂ ನೋಡಿ, ‘ಸ್ವಇಚ್ಛೆಯಿಂದ’ ಎಂದು ಬರೆದುಕೊಂಡಳು. ಬುಗುರಿಯಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಕಚೇರಿ ಎಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಪುಸ್ತಕ ತರಲು ಐಸ್ ಕಾರ್ಖಾನೆಗೆ ಓಡಿದವಳೂ ಅವಳೇ. ಐಸಣ್ಣ ಅವಳ ಹಿಂದೆ ಏದುಸಿರು ಬಿಡುತ್ತ ಬಂದ.

ಭಾನುವಾರ ಅವನ ಸಂಸಾರ ಬಂತು. ಹಿಂದಿನ ಕೋಣೆ ಗಂಡ ಹೆಂಡತಿಗೆ. ಮಕ್ಕಳಿಬ್ಬರ ಮಂಚ ಬಿಸಿಲು ಬೀಳುವ ಜಗಲಿಯಲ್ಲೇ ಆಗಬೇಕೆಂದು ಹಟ ಹಿಡಿದು ಹಾಕಿಸಿದವಳು ಬುಗುರಿಯಕ್ಕ. ಮಂಚ ಹಿಡಿಯಲೆಂದು ತೊಲೆಯ ಒಂದು ಕೊಕ್ಕೆಯನ್ನು ಕೀಳಬೇಕಾಯಿತು. ತಮ್ಮ ಎರಡು ತಿಂಗಳು ಮಾತು ಬಿಟ್ಟಿದ್ದ. ಮೂರನೆಯ ತಿಂಗಳು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಜಗಲಿಯಲ್ಲಿ ಅತ್ತಿಂದಿತ್ತ ನಡೆಯಲು ಜಾಗವೇ ಇರಲಿಲ್ಲ. ಮಂಚದ ಕಾಲಿಗೂ ಗೋಡೆಗೂ ನಡುವೆ ಅಕ್ಕ ಕಾಲು ಚಾಚಿ ಕೂತಿದ್ದಳು. ಬಲೆ ಮಡಿಲಲ್ಲಿತ್ತು.

“ಏನು ನೋಡ್ತೀಯ? ಈ ಮನೇಲಿ ಕಾಲಿಡೋಕೆ ಜಾಗ ಎಲ್ಲಿದೆ?” ಎಂದು ಸಿಡುಕಿದಳು. “ಮೆಲ್ಲಗೆ ಮಾತಾಡು. ಚಿಕ್ಕವಳು ಕೆಮ್ಮದೆ ಮಲಗಿದ್ದಾಳೆ.”